ಹಿಟ್ಟು ಒಬ್ಬರದು, ನೀರು ಒಬ್ಬರದು

ಶುಕ್ರವಾರದ ಬೆಳಗಿನ ಜಾವ. ಚರ್ಚಿನ ಹಿಂದಿನ ಓಣಿಯ ಕೊನೆಯ ಮನೆಯಲ್ಲಿ ದೀಪ ಹತ್ತಿದೆ, ಒಲೆ ಮಾತ್ರ ಹತ್ತಿಲ್ಲ. ಒಲೆಯ ಮೇಲೆ ಎರಡು ಕಬ್ಬಿಣದ ಹಲಗೆಗಳ ಅಚ್ಚು ತಣ್ಣಗೆ ಬಾಯಿ ಮುಚ್ಚಿಕೊಂಡು ಕೂತಿದೆ. ಈಚೆ ಬದಿಗೆ ರೊಟ್ಟಿಯಕ್ಕ, ಪಕ್ಕದಲ್ಲಿ ನೀರಿನ ಪಾತ್ರೆ. ಆಚೆ ಬದಿಗೆ ಅವರ ಯಜಮಾನರು, ಬೀಗ ರಿಪೇರಿ ಮಾಡುವ ಬೀಗದಣ್ಣ, ಪಕ್ಕದಲ್ಲಿ ಹಿಟ್ಟಿನ ಡಬ್ಬಿ. ಇಬ್ಬರದೂ ಗಂಟುಮೋರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಂಡಿದ್ದಾರೆ, ಮಲಗಿದ್ದಾರೆ. ಜಗಳ ಮಾತ್ರ ಇಬ್ಬರಿಗಿಂತ ಮೊದಲೇ ಎದ್ದು ಕೂತಿದೆ.

ರೊಟ್ಟಿಯಕ್ಕ ಮೂವತ್ತು ವರ್ಷಗಳಿಂದ ಚರ್ಚಿಗೆ ಪೂಜೆಯ ರೊಟ್ಟಿ ಮಾಡಿಕೊಡುತ್ತಿದ್ದಾರೆ. ಹೊಟ್ಟೆ ತುಂಬಿಸುವ ರೊಟ್ಟಿ ಅಲ್ಲ ಇದು. ಕಾಗದದಷ್ಟು ತೆಳ್ಳನೆಯ ಬಿಳಿ ಬಿಲ್ಲೆ. ಭಾನುವಾರದ ಬಲಿಪೂಜೆಯಲ್ಲಿ ಚರ್ಚಿನ ಗುರುಗಳು ಎತ್ತಿ ಹಿಡಿದು ಭಕ್ತರಿಗೆ ಕೊಡುವ ಪರಮಪ್ರಸಾದವಾಗುವುದು ಇದೇ. ಗೋಧಿ ಹಿಟ್ಟು ಮತ್ತು ನೀರು, ಇನ್ನೇನೂ ಇಲ್ಲ. ಕಾದ ಅಚ್ಚಿಗೆ ಒಂದು ಸೌಟು ಹುಯ್ದು ಮುಚ್ಚಿದರೆ ಚುಂಯ್ ಎಂದು ಆವಿ ಏಳುತ್ತದೆ. ತೆರೆದರೆ ಶಿಲುಬೆಯ ಗುರುತು ಮೂಡಿದ ಹಾಳೆ. ಅದನ್ನು ಒಂದು ರಾತ್ರಿ ಒದ್ದೆ ಬಟ್ಟೆಯ ನಡುವೆ ಇಟ್ಟು, ಮರುದಿನ ದುಂಡಗೆ ಕತ್ತರಿಸಬೇಕು. ಕತ್ತರಿಸುವ ಕೆಲಸ ಬೀಗದಣ್ಣನದು. "ಒಣಗಿದ್ದಾಗ ಕತ್ತರಿಸಿದ್ರೆ ಪುಡಿಪುಡಿ ಆಗುತ್ತೆ. ಇವರೂ ಹಾಗೇನೇ, ಮೆತ್ತಗಾಗೋ ತನಕ ಕಾಯಬೇಕು," ಎಂದು ಅಕ್ಕ ಗಂಡನಿಗೆ ಕೇಳಿಸುವಂತೆಯೇ ಹೇಳುತ್ತಾರೆ.

ವಾರಕ್ಕೆ ಎಂಟುನೂರು ಬಿಲ್ಲೆ ಬೇಕು. ಇವತ್ತು ಬೇಯದಿದ್ದರೆ ನಾಳೆ ಕತ್ತರಿಸಲು ಏನೂ ಇರುವುದಿಲ್ಲ, ಭಾನುವಾರ ಚರ್ಚಿನವರು ಬೇರೆ ಕಡೆ ಹುಡುಕಬೇಕು. ಆದರೂ ಒಲೆ ಹತ್ತುತ್ತಿಲ್ಲ. ಏಕೆಂದರೆ ಈ ಮನೆಗೆ ಅತ್ತೆಯವರು ಹಾಕಿಕೊಟ್ಟ ಕಟ್ಟುಪಾಡೊಂದಿದೆ: ಹಿಟ್ಟು ಒಬ್ಬರ ಕೈಯದು, ನೀರು ಇನ್ನೊಬ್ಬರ ಕೈಯದು. ಜಗಳವಾಗಿದ್ದರೆ ತಪ್ಪು ಮಾಡಿದವರು ಮೊದಲು ಹಿಟ್ಟು ಹಾಕಬೇಕು. ಇನ್ನೊಬ್ಬರು ನೀರು ಹುಯ್ದರೆ ಕ್ಷಮಿಸಿದಂತೆ. "ದೇವರ ಮುಂದೆ ಇಡೋದನ್ನ ಸಿಟ್ಟಲ್ಲಿ ಕಲಸಬಾರದು ಅಂತಿದ್ರು ನಮ್ಮತ್ತೆ. ಆಡಂಬರದ ಕ್ಷಮಾಪಣೆ ಎಲ್ಲ ಬೇಡ, ಹಿಟ್ಟು ಹಾಕು ಸಾಕು ಅಂತ."

ನೀರು ಹುಯ್ಯದೆ ಉಳಿದದ್ದೂ ಉಂಟು. ಮದುವೆಯಾದ ಕೆಲವು ವರ್ಷಕ್ಕೆ ಬೀಗದಣ್ಣ ಕುಡಿತಕ್ಕೆ ಬಿದ್ದಿದ್ದರು. ಗುರುವಾರ ಕುಡಿದು ಬರುವುದು, ಶುಕ್ರವಾರ ಬೆಳಗ್ಗೆ ಎದ್ದ ಕೂಡಲೇ ಹಿಟ್ಟು ಹಾಕುವುದು. ಒಂದು ಶುಕ್ರವಾರ ಅಕ್ಕ ಪಾತ್ರೆಯನ್ನು ಎತ್ತಲೇ ಇಲ್ಲ. ಅಚ್ಚು ಕೆಟ್ಟಿದೆ ಎಂದು ಗುರುಗಳಿಗೆ ಹೇಳಿ ಕಳಿಸಿದರು. ಊರಿಗೆಲ್ಲ ಬೀಗ ಸರಿಮಾಡುವವನ ಮನೆಯ ಅಚ್ಚೇ ಕೆಟ್ಟಿದೆಯಂತೆ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕಾಲೆಳೆದರು. "ಕೆಟ್ಟಿರೋದು ಅಚ್ಚಲ್ಲ, ನಾನು ಅಂತ ಯಾರ ಹತ್ರ ಹೇಳೋದು?" ಎನ್ನುತ್ತಾರೆ ಬೀಗದಣ್ಣ. ಕುಡಿತ ಬಿಡಲು ಹೆಣಗಿದರು, ಎರಡು ಸಲ ಜಾರಿಬಿದ್ದರು, ಕೊನೆಗೆ ಬಿಟ್ಟರು. ಅಚ್ಚು ಕೆಟ್ಟಿದೆ ಎಂದ ಸುಳ್ಳನ್ನು ಅಕ್ಕ ಪಾಪನಿವೇದನೆಯಲ್ಲಿ ಒಪ್ಪಿಕೊಂಡಿದ್ದಾರೆ. "ಒಪ್ಪಿಕೊಂಡೆ. ಪಶ್ಚಾತ್ತಾಪ ಪಡೋದೇ ಸ್ವಲ್ಪ ಕಷ್ಟ ಆಯ್ತು," ಎಂದು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಈ ಸಲದ ಜಗಳ ಬೇರೆ. ಅಕ್ಕನ ಬಲಗೈಗೆ ಬಟ್ಟೆ ಸುತ್ತಿದೆ. ಕಳೆದ ಶುಕ್ರವಾರ ಅಂಗೈ ಕಾದ ಅಚ್ಚಿಗೆ ತಗುಲಿತ್ತು. ನಿನ್ನೆ ಬೀಗದಣ್ಣ ಹೆಂಡತಿಯನ್ನು ಒಂದು ಮಾತೂ ಕೇಳದೆ ಗುರುಗಳ ಬಳಿ ಹೋಗಿ, ಇನ್ನು ನಮ್ಮಿಂದ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಬಂದಿದ್ದಾರೆ. ಅದು ಅಕ್ಕನ ಕಿವಿಗೆ ಬಿದ್ದದ್ದು ಮೂರನೆಯವರಿಂದ. ಮೂವತ್ತು ವರ್ಷದ ಕೆಲಸವನ್ನು ಹಳೇ ಬೀಗದಂತೆ ಎತ್ತಿ ಬಿಸಾಕಿದರಲ್ಲ ಎಂಬುದು ಅವರ ಸಂಕಟ.

"ಹಿಟ್ಟು ಹಾಕ್ರೀ," ಎನ್ನುತ್ತಾರೆ ಅಕ್ಕ.

"ತಪ್ಪು ಮಾಡಿದ್ರೆ ತಾನೇ?"

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ." ಬೀಗದಣ್ಣ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಾರೆ. ಆಮೇಲೆ ತಲೆ ಎತ್ತದೆ ಹೇಳುತ್ತಾರೆ, "ನಿನ್ನ ಕೈ ಸುಡ್ತಾ ಇತ್ತು ಕಣೇ. ನೀನು ನನ್ನ ಮುಖ ನೋಡ್ಕೊಂಡು ನಗ್ತಾ ಮಾತಾಡ್ತಾ ಇದ್ದೆ. ವಾಸನೆ ಮೊದಲು ನನಗೆ ಬಂತು. ನಾನು ಹೆದರಿಬಿಟ್ಟೆ."

ಈ ಮನುಷ್ಯ ಕುಡಿತ ಬಿಟ್ಟ ದಿನಗಳಲ್ಲೂ ಹೆದರಿದೆ ಎಂದು ಬಾಯಿಬಿಟ್ಟವರಲ್ಲ. ಅಕ್ಕನಿಗೆ ಗಂಡನ ಮೇಲೆ ಕೋಪವೂ ಉಳಿದಿದೆ, ಅಯ್ಯೋ ಪಾಪ ಎಂದೂ ಅನ್ನಿಸುತ್ತಿದೆ. ನೀರಿನ ಪಾತ್ರೆಯನ್ನು ಅತ್ತ ಸರಿಸಿ, ಎಡಗೈ ಚಾಚಿ ತಾವೇ ಡಬ್ಬಿಯೊಳಗಿನ ಬಟ್ಟಲು ತೆಗೆದುಕೊಳ್ಳುತ್ತಾರೆ.

"ಈ ಕೈ ಜೋಮು ಹಿಡಿದು, ಬಿಸಿ ಗೊತ್ತಾಗದೆ ಎರಡು ತಿಂಗಳಾಯ್ತು. ಹೇಳಿದ್ರೆ ಅಚ್ಚು ಮುಟ್ಟೋಕೆ ಬಿಡಲ್ಲ ಅಂತ ಮುಚ್ಚಿಟ್ಟೆ," ಎಂದು ಒಂದು ಬಟ್ಟಲು ಹಿಟ್ಟು ಹಾಕುತ್ತಾರೆ.

ಬೀಗದಣ್ಣ ನೀರಿಗೆ ಕೈ ಹಾಕುವುದಿಲ್ಲ. "ನಂದೂ ಇರಲಿ," ಎಂದು ಇನ್ನೊಂದು ಬಟ್ಟಲು ಹಿಟ್ಟು ಸುರಿಯುತ್ತಾರೆ. ಇಬ್ಬರೂ ಹಿಟ್ಟು ಹಾಕಿದರೆ ನೀರು ಯಾರು ಹುಯ್ಯಬೇಕು ಎಂದು ಅತ್ತೆಯವರು ಹೇಳಿ ಹೋಗಿಲ್ಲ. ಕೊನೆಗೆ ಪಾತ್ರೆಯ ಒಂದು ಬದಿಗೆ ಇವರ ಕೈ, ಇನ್ನೊಂದು ಬದಿಗೆ ಅವರ ಕೈ.

ಸೌಟು ಅಕ್ಕನದು, ಅಚ್ಚು ಹಿಡಿಯುವುದು ಬೀಗದಣ್ಣ ಎಂದು ತೀರ್ಮಾನವಾಗುತ್ತದೆ. ಸೋಮವಾರ ಅಕ್ಕ ಕೈ ತೋರಿಸಲು ಡಾಕ್ಟರ ಬಳಿ ಹೋಗಬೇಕು. ಇವತ್ತೇ ಗುರುಗಳ ಬಳಿ ಹೋಗಿ, ನಿನ್ನೆ ಆಡಿದ ಮಾತನ್ನು ಬೀಗದಣ್ಣ ವಾಪಸ್ ತೆಗೆದುಕೊಳ್ಳಬೇಕು. ಬೀಗದಣ್ಣ ಹಿಡಿದ ಮೊದಲ ಹಾಳೆ ಒಂದು ಕಡೆ ಹಸಿ, ಇನ್ನೊಂದು ಕಡೆ ಕಪ್ಪು. ಅದನ್ನು ಅವರೇ ಮುರಿದು, ಚಹಾದಲ್ಲಿ ಅದ್ದಿಕೊಂಡು, "ಚೆನ್ನಾಗೇ ಇದೆ" ಎಂದು ತಿನ್ನುತ್ತಾರೆ. ಎರಡನೆಯದು ಪರವಾಗಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹಾಳೆಗಳು ಒಂದರ ಮೇಲೊಂದು ಏರುತ್ತಿವೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಅಕ್ಕ ಸೌಟು ಕೆಳಗಿಡುತ್ತಾರೆ. "ನಾವಿಬ್ಬರೂ ಇರೋ ತನಕ ಹಿಟ್ಟು ಕಲಸೋದು ಇಬ್ಬರೂ ಸೇರಿಯೇ ಆಗಿರಲಿ, ಅಷ್ಟೇ." ಮತ್ತೆ ಸೌಟು ಎತ್ತಿದವರು ತಡೆದು, ದನಿ ತಗ್ಗಿಸುತ್ತಾರೆ. "ಭಾನುವಾರ ಫಾದರ್ ಅದನ್ನ ಮೇಲೆತ್ತಿದಾಗ ಎಲ್ಲರೂ ತಲೆ ಬಾಗಿಸ್ತಾರೆ. ನಾನೂ ಬಾಗಿಸ್ತೀನಿ. ಆದ್ರೆ ಅದಕ್ಕೆ ಮುಂಚೆ ಒಂದು ಗಳಿಗೆ ಇವರ ಕಡೆ ನೋಡ್ತೀನಿ. ಆ ವಾರ ಹಿಟ್ಟು ಹಾಕಿದ್ದು ಯಾರು ಅಂತ ನಮಗಿಬ್ಬರಿಗೆ, ದೇವರಿಗೆ ಮಾತ್ರ ಗೊತ್ತು."