ಅಮ್ಮನ ಮಂಡಿ, ಅಪ್ಪನ ಕೈ

ಮೊನ್ನೆ ತುಮಕೂರಿನ ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮಂಡಿಗೆ ನೋವಿನ ಮುಲಾಮು ತಿಕ್ಕಿಕೊಂಡರು. ಇಡೀ ಬಸ್ಸಿಗೆ ಘಾಟು ಹರಡಿತು. ಸುತ್ತಲಿನವರು ಮೂಗು ಮುಚ್ಚಿಕೊಂಡರೆ ನಾನು ಇನ್ನೊಮ್ಮೆ ಉಸಿರೆಳೆದುಕೊಂಡೆ. ಗುಬ್ಬಿಯ ನಮ್ಮ ಮನೆ ಒಂದು ಕಾಲದಲ್ಲಿ ಈ ವಾಸನೆಯಲ್ಲೇ ಮುಳುಗಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಅಪ್ಪ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು, ನಾನು ಬಿ.ಎ. ಓದುತ್ತಿದ್ದೆ. ಒಂದು ಭಾನುವಾರ ಅಪ್ಪ ಅಮ್ಮನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟರು. ರಸ್ತೆಬದಿಯಲ್ಲಿ ಯಾರೋ ಗುರುತಿನವರು ಕಂಡರೆಂದು ಕತ್ತು ತಿರುಗಿಸಿದರು. ತಲೆಬುರುಡೆಯ ಕೆಳಗೆ ಎರಡು ಮೂಳೆಗಳು ಒಂದರ ಮೇಲೊಂದು ತಿರುಗುವುದರಿಂದ ನಾವು ಹೀಗೆ ಅತ್ತಿತ್ತ ನೋಡಬಲ್ಲೆವಂತೆ. ಅವತ್ತು ಅವು ಅಷ್ಟು ಸಲೀಸಾಗಿ ತಿರುಗದಿದ್ದರೆ ಚೆನ್ನಾಗಿತ್ತು. ಗಾಡಿ ಮರಳಿನ ಮೇಲೆ ಜಾರಿತು. ಅಪ್ಪನಿಗೆ ತರಚು ಗಾಯ. ಅಮ್ಮನ ಮಂಡಿಚಿಪ್ಪು ಎರಡು ಹೋಳು.

ತುಮಕೂರಿನಲ್ಲಿ ಆಪರೇಷನ್ ಆಗಿ ಚಿಪ್ಪಿಗೆ ತಂತಿ ಬಿಗಿದರು. ಮನೆಗೆ ಬಂದ ಮೇಲೆ ಅಪ್ಪ ಅಮ್ಮ ಇಬ್ಬರೂ ಆ ಭಾನುವಾರದ ಬಗ್ಗೆ ತುಟಿ ಬಿಚ್ಚಲಿಲ್ಲ. "ಮಾತ್ರೆ ತಗೊಂಡ್ಯಾ?" "ಹೂಂ." ಅಷ್ಟೇ ಮಾತು.

ಪಟ್ಟಿ ಬಿಚ್ಚಿದಾಗ ಕಾಲು ಕೋಲಿನಂತೆ ಸೆಟೆದಿತ್ತು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಅಪ್ಪನಿಗೆ ವಿವರಿಸಿದರು: "ಮಂಡಿ ಬಾಗಿಲ ಕೀಲಿನ ಥರ ಬರೀ ಮಡಚಲ್ಲ, ಒಳಗೆ ಸ್ವಲ್ಪ ಜಾರುತ್ತೆ, ಸ್ವಲ್ಪ ತಿರುಗುತ್ತೆ. ಚಿಪ್ಪು ಮೇಲೆ ಕೆಳಗೆ ಓಡಾಡ್ಬೇಕು. ಈಗ ಮಡಚದೆ ಬಿಟ್ರೆ ಸುತ್ತ ಅಂಟ್ಕೊಂಡು ಹಂಗೇ ಉಳ್ಕೊಳುತ್ತೆ."

ಕುಣಿಗಲ್ಲಿನಿಂದ ನೋಡಲು ಬಂದ ಚಿಕ್ಕಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ಮುರಿದಿರೋ ಕಾಲ್ನ ಯಾಕ್ ಹಿಂಸೆ ಮಾಡ್ತೀರ ಬಾವ, ಮಲ್ಕಂಡಿರ್ಲಿ ಬುಡಿ" ಎಂದರು. ಅಪ್ಪ ಮಾತ್ರ ಬಿಡಲಿಲ್ಲ. ದಿನಾ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಮಂಚದ ತುದಿಯಲ್ಲಿ ಕೂತು ಮಂಡಿಯ ಸುತ್ತ ಆ ಘಾಟಿನ ಮುಲಾಮು ತಿಕ್ಕುವರು. ಒಂದು ಕೈ ಅಮ್ಮನ ತೊಡೆಯ ಕೆಳಗೆ, ಇನ್ನೊಂದು ಹಿಮ್ಮಡಿಯ ಹತ್ತಿರ ಇಟ್ಟು ನಿಧಾನಕ್ಕೆ ಮಂಡಿ ಮಡಚುವರು. ನಮ್ಮೆದುರಿಗೆ ಅವರು ಅಮ್ಮನನ್ನು ಮುಟ್ಟಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಒಂದು ಸಂಜೆ ಕಾಲು ಚೆನ್ನಾಗಿ ಮೇಲೆದ್ದಿತು. "ಮಡಚ್ತು, ಮಡಚ್ತು!" ಎಂದು ನಾನು ಚಪ್ಪಾಳೆ ತಟ್ಟಿದೆ.

"ಮಂಡಿ ಅಲ್ಲ ಕಣಮ್ಮ, ಸೊಂಟ ಎತ್ತವ್ಳೆ" ಎಂದರು ಅಪ್ಪ.

ಸೊಂಟದ ಕೀಲು ಬಟ್ಟಲಿನೊಳಗೆ ಗುಂಡು ಕೂರಿಸಿದಂತೆ. ಎತ್ತ ಬೇಕಾದರೂ ತಿರುಗಿ, ನೋಯುವ ಮಂಡಿಯ ಪಾಲಿನ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ. ಡಿಗ್ರಿ ಓದುತ್ತಿದ್ದ ನನಗೆ ಅಮ್ಮನ ಈ ಉಪಾಯ ತಿಳಿಯಲೇ ಇಲ್ಲ.

ಇನ್ನೊಂದು ಸಂಜೆ ಅಪ್ಪ ತುಸು ಜೋರಾಗಿಯೇ ಒತ್ತಿದರು. ಅಮ್ಮ ಸೆರಗು ಕಚ್ಚಿಕೊಂಡಳು. ಅಪ್ಪ ಕೈ ಸಡಿಲಿಸಿ, "ನೋವಾಯ್ತಾ?" ಎಂದರು.

"ಅವತ್ತು ರೋಡಲ್ಲಿ ಬಿದ್ದಾಗ ಯಾಕ್ ಕೇಳ್ಲಿಲ್ಲ?" ಎಂದಳು ಅಮ್ಮ. "ಮೊದ್ಲು ಗಾಡಿ ಎತ್ತಿ ನಿಲ್ಲಿಸಿದ್ರಿ."

ಅಪ್ಪ ಅವಳ ಕಾಲನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟರು. "ಹೆದ್ರುಕೊಂಬುಟ್ಟಿದ್ದೆ ಕಣೇ. ನಿನ್ ಕಡೆ ನೋಡೋಕೇ ಧೈರ್ಯ ಬರ್ಲಿಲ್ಲ."

ಅಷ್ಟು ದಿನ ಹಲ್ಲು ಕಚ್ಚಿ ತಡೆದಿದ್ದ ಅಮ್ಮ ಗಟ್ಟಿಯಾಗಿ ಅತ್ತಳು. ನಾನು ಏನು ಮಾಡಬೇಕೆಂದು ತೋಚದೆ ಪುಸ್ತಕದ ಹಾಳೆ ತಿರುಗಿಸುತ್ತ ಕೂತೆ. ಅಳು ನಿಂತ ಮೇಲೆ ಅವಳೇ ಕಾಲನ್ನು ಅಪ್ಪನ ಕೈಯತ್ತ ಸರಿಸಿದಳು.

"ಹೂಂ, ಮಡಚಿ. ಅರ್ಧಕ್ಕೆ ನಿಲ್ಲಿಸ್ಬೇಡಿ."

ಮಂಡಿ ನಿಧಾನವಾಗಿ ಸಡಿಲಾಯಿತು. ಪೂರ್ತಿ ಅಲ್ಲ, ಕುಕ್ಕರಗಾಲಲ್ಲಿ ಕೂರಲು ಅಮ್ಮನಿಗೆ ಮತ್ತೆಂದೂ ಆಗಲಿಲ್ಲ. ಆದರೆ ನಡೆದಳು, ಮೆಟ್ಟಿಲು ಹತ್ತಿದಳು.

ಮೊನ್ನೆ ನಾನು ಬಸ್ಸಿನಿಂದಿಳಿದು ತುಮಕೂರಿನ ಮನೆ ಸೇರಿದ ಸಂಜೆಯೇ ಅಪ್ಪ ಅಮ್ಮ ಇಬ್ಬರೂ ಗುಬ್ಬಿಯಿಂದ ಬಂದರು. ನಮ್ಮದು ಮೊದಲ ಮಹಡಿ. ಈಗ ಸವೆದಿರುವುದು ಅಪ್ಪನ ಮಂಡಿಗಳು. ಅರ್ಧ ಹತ್ತಿ ಕಂಬಿ ಹಿಡಿದು ನಿಂತರು. ಓಡಿಹೋಗಿ ಹಿಡಿಯಬೇಕೆಂದು ಹೊರಟವಳು ಬಾಗಿಲಲ್ಲೇ ನಿಂತೆ. ಮುಂದೆ ಹೋಗಿದ್ದ ಅಮ್ಮ ಆಗಲೇ ತಿರುಗಿ, ಎರಡು ಮೆಟ್ಟಿಲು ಕೆಳಗಿಳಿದು ಕೈ ಚಾಚಿದ್ದಳು. ಅಪ್ಪ ಕಂಬಿ ಬಿಟ್ಟು ಆ ಕೈ ಹಿಡಿದರು. ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ.