ದ್ರೌಪದಿ ಎಬ್ಬಿಸಿದ ಕಾಂಟೆಸ್ಸಾ

ಬೆಳಕು ಹರಿಯುವ ಹೊತ್ತು. ಜೇವರ್ಗಿಯ ಹೆದ್ದಾರಿ ಬದಿಯ ಗ್ಯಾರೇಜುಗಳ ಸಾಲಿನಲ್ಲಿ ಒಂದೇ ಒಂದು ಶಟರ್ ಮೇಲೆದ್ದಿದೆ. ಸರಸಂಬಾದಿಂದ ಬಂದ ಟೆಂಪೊ ಒಂದರ ಜಜ್ಜಿಹೋದ ಮಡ್‌ಗಾರ್ಡಿನ ಮುಂದೆ ದ್ರೌಪದಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಡಗೈ ತಗಡಿನ ಹಿಂದೆ ಹೋಗಿ ಕಬ್ಬಿಣದ ಗುಂಡೊಂದನ್ನು ಒತ್ತಿ ಹಿಡಿದಿದೆ, ಬಲಗೈ ಹೊರಗಿನಿಂದ ಸುತ್ತಿಗೆ ಬಡಿಯುತ್ತಿದೆ. ಒಳಗಿನ ಕೈ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಎಲ್ಲಿದೆಯೋ ಸರಿಯಾಗಿ ಅಲ್ಲಿಗೇ ಪೆಟ್ಟು ಬೀಳಬೇಕು.

ಇದು ಇಬ್ಬರು ಸೇರಿ ಮಾಡುವ ಕೆಲಸ. "ಮೊದ್ಲ ನಾ ಗುಂಡ ಹಿಡೀತಿದ್ದೆ, ನಮ್ಮವ್ರು ಬಡೀತಿದ್ರು. ಈಗ ಎರಡೂ ಕೈ ನನ್ನವs ಆಗ್ಯಾವ," ಎನ್ನುತ್ತಾರೆ ಅವರು, ಕೆಲಸ ನಿಲ್ಲಿಸದೆ.

ಬಿಸಿಲೇರಿದರೆ ತಗಡಿನ ಶೆಡ್ಡು ಕಾದ ಹಂಚಾಗುತ್ತದೆ. ಹಾಗಾಗಿ ಬಡಿಯುವ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಯಬೇಕು. ಒಳ್ಳೆಯ ದಿನ ಎರಡು ಬಾಗಿಲು, ಒಂದು ಬಾನೆಟ್ಟು ನೆಟ್ಟಗಾಗುತ್ತವೆ. ಆಳಂದದಿಂದ, ಅಫಜಲಪುರದಿಂದ ಗಾಡಿಗಳು ಬರುತ್ತವೆ. ಗಾಡಿ ತಂದವರು ಕೆಲಸ ಹೇಳಿ, ಪಕ್ಕದ ಗ್ಯಾರೇಜಿನ ಬೆಂಚಿನ ಮೇಲೆ ಹೋಗಿ ಕೂರುತ್ತಾರೆ. ಹೋಟೆಲಿನ ಚಹಾ ಬಾಗಿಲ ತನಕ ಬರುತ್ತದೆ, ಲೋಟವನ್ನು ಹೊಸ್ತಿಲ ಮೇಲೆ ಇಟ್ಟು ಹೋಗುತ್ತಾರೆ. ಸಾಲಿನ ಮೆಕ್ಯಾನಿಕ್‌ಗಳೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ, ಯಾರೂ ಮರ್ಯಾದೆ ತಪ್ಪಿದವರಲ್ಲ. ಆದರೆ ಹೊತ್ತು ಮುಳುಗುವ ಮುಂದೆ ಅವರೆಲ್ಲ ಒಂದೆಡೆ ಕೂತು ನಗುವಾಗ ದ್ರೌಪದಿಯನ್ನು ಯಾರೂ ಕರೆಯುವುದಿಲ್ಲ. ಓಣಿಯ ಹೆಂಗಸರಿಗೂ ಮೈತುಂಬ ತುಕ್ಕಿನ ಪುಡಿ ಹಚ್ಚಿಕೊಂಡು ಬರುವವಳ ಜೊತೆ ಏನು ಮಾತಾಡಬೇಕೋ ತಿಳಿಯುವುದಿಲ್ಲ.

ನೆಲೋಗಿಯ ಕೂಲಿ ಮನೆತನದ ಮಗಳು ಅವರು. ಮದುವೆಯಾಗಿ ಜೇವರ್ಗಿಗೆ ಬಂದಾಗ ಗಂಡ ಸೂರ್ಯಕಾಂತ ಆಗಷ್ಟೇ ಈ ಶೆಡ್ಡು ಹಾಕಿದ್ದರು. ಬುತ್ತಿ ಕೊಡಲು ಬಂದವರಿಗೆ ಒಂದು ದಿನ ಸೂರ್ಯಕಾಂತ "ಇದೊಂದ್ ಹಿಡೀಬೇ" ಎಂದು ಕಬ್ಬಿಣದ ಗುಂಡು ಕೈಗಿಟ್ಟರು. ಅಂದು ಹಿಡಿದದ್ದನ್ನು ಮತ್ತೆ ಕೆಳಗಿಡಲಿಲ್ಲ. ಬಡಿಯುವುದು, ಕತ್ತರಿಸುವುದು, ಗ್ಯಾಸ್ ವೆಲ್ಡಿಂಗ್ ಎಲ್ಲವನ್ನೂ ಗಂಡನಿಂದ ಕಲಿತರು.

ಅಫಜಲಪುರದ ವಕೀಲ ಶ್ರೀರಂಗ ಅವರ ಕಾಂಟೆಸ್ಸಾ ಕಾರು ಆ ಶೆಡ್ಡಿಗೆ ಬಂದದ್ದು ಮೂರು ವರ್ಷದ ಹಿಂದೆ. ಅದು ಅವರ ತಂದೆ ಅನಂತರಾಯರು ಓಡಿಸುತ್ತಿದ್ದ ಕಾರು. ಉದ್ದ ಮೂತಿ, ಅಗಲ ಭುಜ, ರಸ್ತೆಗಿಳಿದರೆ ಪೈಲ್ವಾನ ನಡೆದು ಬಂದಂತೆ ಕಾಣುತ್ತಿದ್ದ ಗಾಡಿ. ರಾಯರು ತೀರಿಕೊಂಡ ಮೇಲೆ ಬೇವಿನ ಮರದ ಕೆಳಗೆ ನಿಂತೇ ತುಕ್ಕು ಹಿಡಿದಿತ್ತು. ಮೈ ಹಳೆಯದೇ ಇರಲಿ, ಒಳಗಿನದೆಲ್ಲ ಹೊಸದಾಗಲಿ ಎಂಬುದು ಶ್ರೀರಂಗರ ಆಸೆ: ಈಗಿನ ದೊಡ್ಡ ಗಾಡಿಯ ಡೀಸೆಲ್ ಎಂಜಿನ್, ಡಿಸ್ಕ್ ಬ್ರೇಕು, ಪವರ್ ಸ್ಟೀರಿಂಗ್, ಎಸಿ. ಆರ್‌ಟಿಒ ಒಪ್ಪಿಗೆ ತರುವ ಹೊಣೆ ಅವರು ಹೊತ್ತರು.

ಹೊಸ ಎಂಜಿನ್ ಕೂರಬೇಕಾದರೆ ಅದನ್ನು ಹೊರುವ ಮುಂಭಾಗದ ಅಡ್ಡಪಟ್ಟಿಯನ್ನು ಕತ್ತರಿಸಿ ಬೇರೆ ಕಟ್ಟಬೇಕು. ಸೂರ್ಯಕಾಂತ ಅದನ್ನು ಕತ್ತರಿಸಿದರು, ಹೊಸದು ಕೂರಿಸಿ ಬೆಸೆದರು. ಮರುದಿನ ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲ.

ಕಾರು ಶೆಡ್ಡಿನ ಮೂಲೆಯಲ್ಲೇ ಉಳಿಯಿತು. ದ್ರೌಪದಿ ಅದಕ್ಕೊಂದು ತಾಡಪತ್ರಿ ಹೊದಿಸಿ ಸಣ್ಣಪುಟ್ಟ ಡೆಂಟಿಂಗ್ ಮಾಡಿಕೊಂಡಿದ್ದರು. ಮಗಳು ಮೈತ್ರಿ ನರ್ಸಿಂಗ್ ಓದಲು ಕಲಬುರಗಿಗೆ ಹೋದ ಮೇಲೆ ಮನೆಗಿಂತ ಶೆಡ್ಡಿನಲ್ಲೇ ಹೆಚ್ಚು ಹೊತ್ತು ಇರತೊಡಗಿದರು. ಕಳೆದ ವರ್ಷ ಶ್ರೀರಂಗ ಬಂದು, ಕಾರನ್ನು ಗುಜರಿಗೆ ಕೊಡೋಣವೆಂದರು.

"ಅವ್ರು ಅರ್ಧಾ ಮಾಡ್ಯಾರ, ಉಳದಿದ್ದು ನಾ ಮಾಡ್ತೇನಿ ವಕೀಲ್ರ," ಎಂದರು ದ್ರೌಪದಿ.

"ಒಬ್ರೇ ಆಗ್ತದೇನ್ರಿ ಬಾಯಿ?"

"ಆಗಲಿಲ್ಲಂದ್ರ ಗುಜರಿ ಎಲ್ಲಿಗೂ ಓಡಿ ಹೋಗಂಗಿಲ್ಲಲ್ರಿ."

ತುಕ್ಕು ತಿಂದ ನೆಲವನ್ನೆಲ್ಲ ಕಿತ್ತು ಹೊಸ ತಗಡು ಹಾಸಿದರು. ಬಾಗಿಲ ಕೆಳಗಿನ ಅಂಚುಗಳನ್ನು ಅಂಗೈ ಅಗಲದಷ್ಟಷ್ಟೇ ಕತ್ತರಿಸಿ ಕಟ್ಟಿದರು. ತಿಂಗಳುಗಟ್ಟಲೆ ಹಿಡಿದ ಕೆಲಸ. ಕೊನೆಗೆ ಎಂಜಿನ್ ಕೂರಿಸಲು ಕಲಬುರಗಿಯಿಂದ ಮೆಕ್ಯಾನಿಕ್ ನದೀಮ ಬಂದರು. ಸರಪಳಿಗೆ ಕಟ್ಟಿ ಎಂಜಿನ್ ಇಳಿಸಿ, ಅಡಿಯಲ್ಲಿ ಮಲಗಿ ನೋಡಿದವರು ಬಹಳ ಹೊತ್ತು ಮೇಲೇಳಲಿಲ್ಲ.

"ಭಾಭಿ, ಎಂಜಿನ್ ಎಡಗಡಿ ಕೆಳಗ ಕುಂತದ. ಹಿಂಗಿದ್ರ ಶಾಫ್ಟ್ ಸೀದಾ ಬರಂಗಿಲ್ಲ. ಜೋರ್ ಓಡ್ಸಿದ್ರ ಗಾಡಿ ನಡಗ್ತದ."

"ಏನ್ ಮಾಡ್ಬೇಕ್ರಿ ಮತ್ತ?"

"ಕೆಳಗ ಎರಡ ಪಟ್ಟಿ ಕೊಟ್ಟು ಎತ್ತೂಣು. ಯಾರಿಗೂ ಗೊತ್ತಾಗಂಗಿಲ್ಲ."

"ನಡಗೂದು ನಿಲ್ತದೇನು?"

ನದೀಮ ಕೈ ಒರೆಸಿಕೊಳ್ಳುತ್ತ, "ಕಮ್ಮಿ ಆಗ್ತದ," ಎಂದರು.

ದ್ರೌಪದಿ ನದೀಮರನ್ನು ನಾಳೆ ಬರಲು ಹೇಳಿ ಕಳಿಸಿದರು. ಎಡಗಡೆ ಏನಾಗಿದೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಸೂರ್ಯಕಾಂತರ ಬೆಸುಗೆ ಹೊಲಿಗೆ ಹಾಕಿದಂತೆ ಒಂದೇ ಸಮ ಇರುತ್ತಿತ್ತು. ಆ ಅಡ್ಡಪಟ್ಟಿಯ ಎಡತುದಿಯಲ್ಲಿ ಮಾತ್ರ ಅದು ಅಲೆದಾಡಿದೆ. ಅದನ್ನು ಬೆಸೆದ ಸಂಜೆಯೇ ಗಂಡನ ಎದೆ ನೋಯುತ್ತಿತ್ತು, ಕೈ ನಡುಗುತ್ತಿತ್ತು, ಹೆಂಡತಿಗೆ ಹೇಳಿರಲಿಲ್ಲ. ಇದು ದ್ರೌಪದಿಗೆ ತಿಳಿದದ್ದು ಅವರು ಹೋದ ಮೇಲೆ, ಆ ಬೆಸುಗೆಯನ್ನು ನೋಡಿ. ಗಂಡನ ಕೈ ಕೊನೆಯದಾಗಿ ಮಾಡಿದ್ದೆಂದರೆ ಅದೇ. ಪಟ್ಟಿ ಕೊಟ್ಟರೆ ಅದು ಉಳಿಯುತ್ತದೆ, ಗಾಡಿ ನಡುಗುತ್ತದೆ.

ಮಧ್ಯಾಹ್ನವೆಲ್ಲ ಅದರ ಮುಂದೆ ಕೂತಿದ್ದರು. ಹೊಸ್ತಿಲ ಮೇಲಿನ ಚಹಾ ಆರಿಹೋಯಿತು. ಕೇಳೋಣವೆಂದರೆ ಯಾರೂ ಇರಲಿಲ್ಲ. ಇಳಿಹೊತ್ತಿಗೆ ಕನ್ನಡಕ ಹಾಕಿಕೊಂಡು ಗ್ರೈಂಡರ್ ಕೈಗೆತ್ತಿಕೊಂಡರು.

ಅಳು ಬರಲಿಲ್ಲವೇ ಎಂದರೆ, ಉತ್ತರ ಕೆಲಸದ ಮಾತಿನಂತೆಯೇ ಬರುತ್ತದೆ: "ಗ್ರೈಂಡರ್ ಹಿಡದು ಅತ್ರ ಕೈ ಅದರ್ತದ್ರಿ. ಅದಕ್ಕ ಮೊದ್ಲ ಅತ್ತೆ, ಆಮ್ಯಾಲ ಹಿಡದೆ."

ಅಡ್ಡಪಟ್ಟಿಯನ್ನು ಬಿಡಿಸಿ, ಅಳತೆ ಹಿಡಿದು, ಮತ್ತೆ ಬೆಸೆದರು. ಕತ್ತರಿಸಿ ತೆಗೆದ ತುಂಡು ಉಳಿದ ತುಕ್ಕಿನ ಜೊತೆ ಗುಜರಿಗೆ ಹೋಯಿತು. "ಇಟ್ಕೊಂಡ್ರ ಅವ್ರ ತಪ್ಪs ದಿನಾ ನೋಡ್ಬೇಕಾಗ್ತಿತ್ತು. ಅವ್ರು ಛಲೋ ಮಾಡಿದ ಗಾಡಿ ಊರತುಂಬ ಓಡಾಡ್ತಾವ, ಅವು ಸಾಕು."

ಈ ಚಳಿಗಾಲದಲ್ಲಿ ಕಾಂಟೆಸ್ಸಾ ರಸ್ತೆಗಿಳಿಯಿತು. ಶ್ರೀರಂಗ ತಮ್ಮ ತಾಯಿ ವತ್ಸಲಾಬಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಭೀಮಾ ದಂಡೆಯ ಮಣ್ಣೂರಿಗೆ ಹೋದರು. ಅಲ್ಲಿಂದಲೇ ಫೋನು ಬಂತು. ವೇಗ ಎಂಬತ್ತು ದಾಟಿದರೂ ಕಾರು ಅಲುಗಲಿಲ್ಲ, ಅವ್ವ ಅರ್ಧ ದಾರಿಗೇ ನಿದ್ದೆ ಹೋದಳು ಎಂದು ಅವರು ಹೇಳುತ್ತಿದ್ದರೆ, ದ್ರೌಪದಿ ಫೋನು ಕಿವಿಗಿಟ್ಟುಕೊಂಡು ಖಾಲಿಯಾದ ಮೂಲೆಯನ್ನೇ ನೋಡುತ್ತಿದ್ದರು. ಅಲ್ಲಿ ನೆಲದ ಮೇಲೆ ಎಣ್ಣೆ ಕಲೆ ಬಿಟ್ಟರೆ ಏನೂ ಇರಲಿಲ್ಲ. "ಮೂರ್ ವರ್ಷ ಕಾರಿನ ಕೂಡs ಮಾತಾಡೇನ್ರಿ. ಅಂದು ಶೆಡ್ಡಿನಾಗ ಕುಂಡ್ರಾಕs ಆಗಲಿಲ್ಲ."

ಕಾರು ಶೆಡ್ಡಿನಿಂದ ಹೊರಡುವ ಮೊದಲು ಅದನ್ನು ನೋಡಲು ಸಾಲಿನ ಮೆಕ್ಯಾನಿಕ್‌ಗಳೆಲ್ಲ ಬಂದಿದ್ದರು. ಸುತ್ತು ಹಾಕಿದರು, ಬಾನೆಟ್ಟು ಎತ್ತಿಸಿದರು, ಫೋಟೊ ಹೊಡೆದುಕೊಂಡರು. ಎಲ್ಲರೂ ಹೊಗಳಿದರು.

ಈಗ ಟೆಂಪೊದ ಮಡ್‌ಗಾರ್ಡು ನೆಟ್ಟಗಾಗಿದೆ. ದ್ರೌಪದಿ ಅದರ ಮೇಲೆ ಅಂಗೈ ಸವರಿ ನೋಡುತ್ತಾರೆ. ಹೊರಗೆ ಒಂದೊಂದೇ ಶಟರ್ ಏಳುತ್ತಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಮೊದಲು ಇಲ್ಲವೆನ್ನುತ್ತಾರೆ, ಆಮೇಲೆ ಹೇಳುತ್ತಾರೆ.

"ಆ ಕಾರಿನ ಎಡಗಡಿ ಬಾಗ್ಲದ ಸಂದು ಬಲಗಡಿಗಿಂತ ಒಂದ್ ಎಳಿ ಜಾಸ್ತಿ ಉಳದದ. ಅಷ್ಟ್ ಮಂದಿ ಬಂದ್ರು, ಛಂದ ಆಗ್ಯಾದ ಅಂದ್ರು, ಹೋದ್ರು. ಒಬ್ರೂ ಅದನ್ನ ನೋಡಲಿಲ್ಲ. ನಮ್ಮವ್ರಿದ್ರ ಬಾಗ್ಲ ಹಾಕೂದರಾಗs ಬೈತಿದ್ರು. ಹಂಗ ಬೈಯ್ಯಾವ್ರು ಒಬ್ರು ಬೇಕ್ರಿ, ಮತ್ತೇನಿಲ್ಲ."