ಅರ್ಧ ಜೀವದ ಬ್ಯಾಟರಿ

ಕುಮಟಾದ ನಮ್ಮ ಬ್ಯಾಟರಿ ಅಂಗಡಿಯನ್ನು ಮುಚ್ಚಿ, ಜಾಗವನ್ನು ಬೇಕರಿಯವನಿಗೆ ಬಾಡಿಗೆಗೆ ಕೊಡುತ್ತೇನೆಂದು ಅಪ್ಪ ಹೇಳಿದ ದಿನ ನಾನು ಊಟ ಬಿಟ್ಟೆ. ಮಗಳ ಸಿಟ್ಟಿಗೆ ಹೆದರುವ ಜನ ಅವರಲ್ಲ. "ಎಲ್ಲಾ ಕರೆಂಟ್ ಕಾರು ಬಂದ್ಮೇಲೆ ನಮ್ಮ ಬ್ಯಾಟ್ರಿ ಯಾರಿಗೆ ಬೇಕು ಮಗಾ? ಎಂತ ಮಾಡೂದು ಹೇಳು" ಎನ್ನುತ್ತ ಮೀನುಸಾರು ಕಲಸಿಕೊಂಡು ಉಂಡರು. ಕರೆಂಟ್ ಕಾರಿನಲ್ಲಿರುವುದೂ ಬ್ಯಾಟರಿಯೇ ಅಲ್ಲವೇ ಎಂದು ನಾನು ವಾರವಿಡೀ ಅವರ ತಲೆ ತಿಂದೆ. ಕೊನೆಗೆ, ಅಂಥ ಕಾರುಗಳಿಗೆ ಬ್ಯಾಟರಿ ಒದಗಿಸುವ ಒಂದು ಕಂಪನಿಗೆ ನಾನೇ ಫೋನು ಮಾಡಿದೆ. ನಮಗೆ ಏಜೆನ್ಸಿ ಕೊಡಬಹುದೋ ಇಲ್ಲವೋ ನೋಡಲು ಅವರ ಪ್ರತಿನಿಧಿ ಕರೆಂಟ್ ಕಾರಿನಲ್ಲೇ ಬಂದಿಳಿದರು.

ಕಾರು ನಿಂತದ್ದೇ ತಡ, ಅಂಗಡಿಯ ಮುಂದೆ ಜನ. ಹೆಚ್ಚಿನವರು ಬೋಟಿನವರು, ನಮ್ಮ ಹಳೆಯ ಗಿರಾಕಿಗಳು. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರತಿನಿಧಿ ಚಾರ್ಜಿಂಗು, ವಾರಂಟಿ ಎಂದು ಹುರುಪಿನಿಂದ ವಿವರಿಸಿದರು. ಧಾರೇಶ್ವರದ ಬೋಟಿನವರೊಬ್ಬರು ಎಲ್ಲ ಕೇಳಿಸಿಕೊಂಡು, "ಅದೆಲ್ಲ ಆತು. ಇದ್ರ ಹಳೆ ಬ್ಯಾಟ್ರಿ ಯಾವಾಗ ಸಿಕ್ತದೆ?" ಎಂದರು. ಉಳಿದವರದೂ ಅದೇ ಪ್ರಶ್ನೆ. ಪ್ರತಿನಿಧಿಯ ಮುಖ ಸಪ್ಪಗಾಯಿತು. ಕಾರು ಕೊಳ್ಳುವವರೇ ಇಲ್ಲದ ಊರಿಗೆ ಏಜೆನ್ಸಿ ಯಾಕೆ ಎಂದು ಬ್ಯಾಗು ಎತ್ತಿಕೊಂಡರು.

ನನಗೆ ಮಾತ್ರ ಆ ಪ್ರಶ್ನೆಯಲ್ಲೇ ವ್ಯಾಪಾರ ಕಂಡಿತು. ಮಾಮೂಲಿ ಕಾರಿನ ಇಂಜಿನ್ನು ಎಬ್ಬಿಸಲಾರದ ಹಳೆ ಬ್ಯಾಟರಿ ಬೋಟಿನ ದೀಪಕ್ಕೆ ಧಾರಾಳ ಸಾಕು. ಅಂಥದ್ದನ್ನು ನಾವು ಅರ್ಧ ಜೀವದ್ದು ಎನ್ನುತ್ತೇವೆ. ಬೋಟಿನವರು ಅದಕ್ಕಾಗಿ ಅಪ್ಪನ ಹತ್ತಿರ ಮೊದಲೇ ಹೇಳಿಟ್ಟು ಹೋಗುತ್ತಾರೆ.

"ಕಾರಿಗೆ ಸಾಕಾಗದ ಬ್ಯಾಟರಿಯನ್ನು ನೀವು ಎಂತ ಮಾಡ್ತೀರಿ ಸರ್?" ಎಂದು ಅಂಗಡಿಯ ಬಾಗಿಲಿಗೆ ಅಡ್ಡ ನಿಂತೆ.

ಅದೇ ತಮ್ಮ ತಲೆನೋವು ಎಂದರು ಅವರು. ಬಿಡಿಸಿ ಚಿಕ್ಕ ಪೆಟ್ಟಿಗೆಗಳಾಗಿ ಮಾಡಿದರೆ ದೀಪ, ಫ್ಯಾನಿಗೆ ವರ್ಷಗಟ್ಟಲೆ ಬರುತ್ತದೆ, ಆದರೆ ಅದನ್ನು ಕೊಳ್ಳುವವರು ಎಲ್ಲಿದ್ದಾರೆ? ನಾನು ಹೊರಗೆ ನಿಂತವರತ್ತ ಕೈ ತೋರಿಸಿದೆ. ಭಟ್ಕಳ, ಹೊನ್ನಾವರದಿಂದ ಇಲ್ಲಿಯವರೆಗೆ ಬೋಟುಗಳಿಗೇನು ಬರವೇ? ಅವರು ಬ್ಯಾಗು ಕೆಳಗಿಟ್ಟು, ಆ ಪೆಟ್ಟಿಗೆಗಳ ಏಜೆನ್ಸಿ ನಿಮಗೇ ಇರಲಿ, ಆದರೆ ಮೊದಲು ಕಾರುಗಳು ಹಳತಾಗಬೇಕಲ್ಲ ಎಂದು ನಕ್ಕರು.

ಅಪ್ಪ ಎದ್ದು ಬಂದು, "ಹಳತಾಗೂಕೆ ಎಷ್ಟು ವರ್ಷ ಬೇಕು?" ಎಂದರು.

"ಏಳೆಂಟು ವರ್ಷ."

ಅಪ್ಪನಿಗೆ ಆಗಲೇ ಎಪ್ಪತ್ತು ದಾಟಿತ್ತು. ಅಲ್ಲೇ ನಿಂತು ಬೇಕರಿಯವನಿಗೆ ಫೋನು ಹಚ್ಚಿದರು. "ಜಾಗ ಕೊಡೂದಿಲ್ಲ ಮಾರಾಯ. ವ್ಯಾಪಾರ ಶುರುವಾಗೂದೇ ಏಳೆಂಟು ವರ್ಷದ ಮೇಲೆ. ಆಗ ನಾ ಇಲ್ಲಿ ಇರೂದು ಬೇಡ್ವಾ?"